ಹಂಗಿನ ಮತ: ವಿಶ್ವ ಫುಟ್‌ಬಾಲಿನ ಆಡಳಿತ ಕುರಿತು



ದತ್ತಿ ಎಂಬ ಮಾತನ್ನೇ ಹಿಡಿದು ಆರಂಭಿಸುತ್ತೇನೆ. ನಮ್ಮ ನಾಡಿನ ಶಾಸನಗಳಲ್ಲಿ ದತ್ತಿ ಎಂದರೆ ಕೊಟ್ಟವನ ಕೈ ಬಿಟ್ಟುಹೋದದ್ದು. ಕೆರೆಗೋ ಗುಡಿಗೋ ಛತ್ರಕ್ಕೋ ಭೂಮಿ ಬಿಟ್ಟ ಮೇಲೆ ಅದನ್ನು ಮರಳಿ ಕಸಿಯುವ ಹಕ್ಕು ಕೊಟ್ಟ ಅರಸನಿಗೂ ಇರಲಿಲ್ಲ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನಿಗೆ ತಟ್ಟುವ ಶಾಪವನ್ನು ಶಾಸನದ ಕೊನೆಯಲ್ಲಿ ಕೆತ್ತಿಸುತ್ತಿದ್ದರು. ಕೊಡುವವನ ಮನಸ್ಸು ನಾಳೆ ಬದಲಾದೀತು, ಅವನ ಮಗ ಬೇರೆ ಥರದವನಾದಾನು ಎಂಬ ಎಚ್ಚರ ಆ ಶಾಪದ ಹಿಂದಿತ್ತು. ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಕೊಡುಗೆಯೂ ಉಂಟು. ಅದರಲ್ಲಿ ಕೊಟ್ಟವನ ಕೈ ಎಂದೂ ಬಿಡುವುದಿಲ್ಲ. ಪಡೆದವನು ಮುಂದಿನ ಕಂತಿಗಾಗಿ ಅವನ ಮುಖ ನೋಡುತ್ತಲೇ ಇರಬೇಕು. ಕನ್ನಡದಲ್ಲಿ ಅದನ್ನು ಹಂಗು ಎನ್ನುತ್ತೇವೆ. ವಿಶ್ವ ಫುಟ್‌ಬಾಲನ್ನು ಆಳುವ ಫಿಫಾದ ಭ್ರಷ್ಟಾಚಾರವನ್ನು ಜಗತ್ತು ಬಹುಮಟ್ಟಿಗೆ ಲಂಚದ ಕಥೆಯಾಗಿ ಓದಿದೆ. ಲಂಚ ನಡೆದದ್ದು ನಿಜ. ಆದರೆ ಬೇರು ಲಂಚದಲ್ಲಿಲ್ಲ, ಹಂಗಿನಲ್ಲಿದೆ ಎಂಬುದು ನನ್ನ ವಾದ. ಲಂಚವನ್ನು ಪೊಲೀಸರು ಹಿಡಿಯಬಲ್ಲರು. ಹಂಗು ಮಾತ್ರ ಜಮಾಖರ್ಚಿನಲ್ಲಿ ಸರಿಯಾಗಿ ನಮೂದಾಗಿ, ಲೆಕ್ಕ ಪರಿಶೋಧಕರ ಸಹಿ ಪಡೆದು, ಮಹಾಸಭೆಯ ಚಪ್ಪಾಳೆಯೊಂದಿಗೆ ಮಂಜೂರಾಗುತ್ತದೆ.

ಲಂಚದ ಭಾಗ ಈಗ ನ್ಯಾಯಾಲಯದ ಕಡತಗಳಲ್ಲಿದೆ. 2015ರ ಮೇ 27ರ ಬೆಳಗಿನ ಜಾವ ಸ್ವಿಟ್ಜರ್ಲೆಂಡಿನ ಪೊಲೀಸರು ಜ್ಯೂರಿಕ್‌ನ ಬೌರ್ ಓ ಲಾಕ್ ಹೋಟೆಲಿಗೆ ಹೋಗಿ ಏಳು ಮಂದಿ ಫುಟ್‌ಬಾಲ್ ಪದಾಧಿಕಾರಿಗಳನ್ನು ಬಂಧಿಸಿದರು. ಅಮೆರಿಕದ ನ್ಯಾಯ ಇಲಾಖೆ ಅದೇ ದಿನ ಬಹಿರಂಗಪಡಿಸಿದ ದೋಷಾರೋಪ ಪಟ್ಟಿಯಲ್ಲಿ 47 ಆರೋಪಗಳೂ 14 ಆರೋಪಿಗಳ ಹೆಸರೂ ಇದ್ದವು. 24 ವರ್ಷಗಳಲ್ಲಿ 15 ಕೋಟಿ ಡಾಲರಿಗೂ ಮಿಕ್ಕಿ ಲಂಚ ಕೈ ಬದಲಾಯಿಸಿದೆ ಎಂದು ಅದು ಹೇಳಿತು. ಹಣ ಬಂದ ದಾರಿ ತೀರ ಸರಳ. ಕೋಪಾ ಅಮೆರಿಕದಂಥ ಪಂದ್ಯಾವಳಿಯ ಪ್ರಸಾರ ಹಕ್ಕನ್ನು ಒಂದು ಮಧ್ಯವರ್ತಿ ಕಂಪನಿಗೆ ಕೊಡುವುದು. ಕಂಪನಿ ಅದನ್ನು ಟಿ.ವಿ. ವಾಹಿನಿಗಳಿಗೆ ಮಾರಿ ಲಾಭ ಮಾಡಿಕೊಳ್ಳುವುದು. ಹಕ್ಕು ಕೊಟ್ಟ ಪದಾಧಿಕಾರಿಗೆ ಅದರಲ್ಲಿ ಪಾಲು. 1998ರ ಮತ್ತು 2010ರ ವಿಶ್ವಕಪ್ ಆತಿಥ್ಯದ ಆಯ್ಕೆಗೆ ಸಂಬಂಧಿಸಿ ತಾನೂ ಇತರರೂ ಲಂಚಕ್ಕೆ ಒಪ್ಪಿದ್ದೆವು ಎಂದು ಅಮೆರಿಕದ ಫುಟ್‌ಬಾಲ್ ಪದಾಧಿಕಾರಿ ಚಕ್ ಬ್ಲೇಜರ್ 2013ರಲ್ಲೇ ಗುಟ್ಟಾಗಿ ತಪ್ಪೊಪ್ಪಿಕೊಂಡಿದ್ದ. ಅದಕ್ಕೂ ಹಿಂದಿನದು ಕ್ರೀಡಾ ಹಕ್ಕುಗಳನ್ನು ಮಾರುತ್ತಿದ್ದ ಐಎಸ್ಎಲ್ ಕಂಪನಿಯ ಪ್ರಕರಣ. ಅಡಿಡಾಸ್‌ನ ಹೋರ್ಸ್ಟ್ ಡಾಸ್ಲರ್ 1982ರಲ್ಲಿ ಕಟ್ಟಿದ ಈ ಕಂಪನಿ 2001ರಲ್ಲಿ ದಿವಾಳಿಯಾಯಿತು. ಫಿಫಾ ಅಧ್ಯಕ್ಷ ಜೋವೊ ಹವೆಲಾಂಜ್ ಆ ಕಂಪನಿಯಿಂದ 1997ರಲ್ಲಿ 15 ಲಕ್ಷ ಸ್ವಿಸ್ ಫ್ರಾಂಕ್ ಪಡೆದದ್ದೂ, ಬ್ರೆಜಿಲ್ ಒಕ್ಕೂಟದ ರಿಕಾರ್ಡೊ ಟೆಯ್ಶೇರಾ 1992ರಿಂದ 1997ರ ನಡುವೆ 1 ಕೋಟಿ 27 ಲಕ್ಷ ಫ್ರಾಂಕ್ ಪಡೆದದ್ದೂ 2012ರಲ್ಲಿ ಬಹಿರಂಗವಾದ ಕಾಗದಗಳಲ್ಲಿ ಕಂಡವು. ಆ ಹಣ ಪಡೆದ ಕಾಲದಲ್ಲಿ, ಖಾಸಗಿ ಸಂಘದ ಪದಾಧಿಕಾರಿ ಇಂಥ ಕಮಿಷನ್ ತಿನ್ನುವುದು ಸ್ವಿಸ್ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ.

ಈ ಪಟ್ಟಿಯನ್ನು ಇನ್ನೂ ಬೆಳೆಸಬಹುದು. ಬೆಳೆದಷ್ಟೂ ನಮ್ಮ ಕಣ್ಣು ವ್ಯಕ್ತಿಗಳ ಮೇಲೆಯೇ ನೆಡುತ್ತದೆ. ಕಳ್ಳರು ಹೋದರು, ಮನೆ ಚೊಕ್ಕಟವಾಯಿತು ಎಂಬ ಸಮಾಧಾನ ಹುಟ್ಟುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. 1998ರಿಂದ 17 ವರ್ಷ ಫಿಫಾವನ್ನು ಆಳಿದ ಸೆಪ್ ಬ್ಲಾಟರ್ ಮೇಲಿದ್ದ ಮುಖ್ಯ ಕ್ರಿಮಿನಲ್ ಮೊಕದ್ದಮೆ ಯುರೋಪಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಮಿಶೆಲ್ ಪ್ಲಾಟಿನಿಗೆ ಸಂದಾಯವಾದ 20 ಲಕ್ಷ ಫ್ರಾಂಕ್ ಕುರಿತದ್ದು. ಫಿಫಾದ ನೈತಿಕ ಸಮಿತಿ ಇಬ್ಬರನ್ನೂ ನಿಷೇಧಿಸಿತು. ಸ್ವಿಸ್ ನ್ಯಾಯಾಲಯಗಳು 2022ರಲ್ಲೂ ಮೇಲ್ಮನವಿಯ ಮೇಲೆ 2025ರಲ್ಲೂ ಇಬ್ಬರನ್ನೂ ಖುಲಾಸೆ ಮಾಡಿದವು. ಆ ತೀರ್ಪನ್ನು ನಾವು ಪೂರ್ತಿಯಾಗಿ ಒಪ್ಪಿಕೊಳ್ಳೋಣ. ಒಪ್ಪಿದರೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ: ಸುತ್ತಲಿನವರು ಒಬ್ಬೊಬ್ಬರಾಗಿ ಲಂಚದಲ್ಲಿ ಸಿಕ್ಕಿಬಿದ್ದ ಮನೆಯಲ್ಲಿ ಯಜಮಾನ ಐದು ಸಲ ಚುನಾವಣೆ ಗೆದ್ದದ್ದು ಹೇಗೆ? ಕೊನೆಯ ಸಲ ಗೆದ್ದದ್ದಂತೂ ಆ ಬಂಧನಗಳಾದ ಎರಡೇ ದಿನಕ್ಕೆ, ಮೊದಲ ಸುತ್ತಿನಲ್ಲಿ 133 ಮತ ಪಡೆದು.

ಉತ್ತರ ಸಂಸ್ಥೆಯ ಕಟ್ಟೋಣದಲ್ಲಿದೆ. 1904ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಫಿಫಾ ಸ್ವಿಸ್ ಕಾನೂನಿನ ಪ್ರಕಾರ ಒಂದು ಸಂಘ, ಅಷ್ಟೇ. ಕಾನೂನಿನ ದೃಷ್ಟಿಯಲ್ಲಿ ಊರಿನ ಯುವಕ ಸಂಘದ ಜಾತಿಯದು. ಷೇರುದಾರರಿಲ್ಲ, ಮತದಾರ ಪ್ರಜೆಗಳಿಲ್ಲ. ಸದಸ್ಯರು ಎಂದರೆ 211 ಫುಟ್‌ಬಾಲ್ ಒಕ್ಕೂಟಗಳು. ಒಂದು ಒಕ್ಕೂಟಕ್ಕೆ ಒಂದು ಮತ. ಈ ಸಂಘದ ಆದಾಯ 2019ರಿಂದ 2022ರವರೆಗಿನ ನಾಲ್ಕು ವರ್ಷಗಳಲ್ಲಿ ಸುಮಾರು 757 ಕೋಟಿ ಡಾಲರ್. ಅದರ ದೊಡ್ಡ ಪಾಲು ಬರುವುದು ಒಂದೇ ಪಂದ್ಯಾವಳಿಯಿಂದ. ಆ ಹಣದ ಒಂದು ಭಾಗ ಸದಸ್ಯ ಒಕ್ಕೂಟಗಳಿಗೆ ಅನುದಾನವಾಗಿ ಮರಳುತ್ತದೆ. ಅಧ್ಯಕ್ಷನನ್ನು ಆರಿಸುವವರು ಅದೇ ಒಕ್ಕೂಟಗಳ ಪದಾಧಿಕಾರಿಗಳು. 2010ರ ಜೂನ್‌ನಲ್ಲಿ ಜೊಹಾನ್ಸ್‌ಬರ್ಗ್ ಮಹಾಸಭೆಯಲ್ಲಿ ಬ್ಲಾಟರ್ ಆಗಿನ 208 ಸದಸ್ಯರಿಗೆ ತಲಾ ಎರಡೂವರೆ ಲಕ್ಷ ಡಾಲರ್ ಹೆಚ್ಚುವರಿ ಬೋನಸ್ ಘೋಷಿಸಿದರು. ಮುಂದಿನ ಜೂನ್‌ನಲ್ಲಿ ಚುನಾವಣೆ. ಎದುರಾಳಿ ಕಣದಲ್ಲೇ ಉಳಿಯದ ಆ ಚುನಾವಣೆಯಲ್ಲಿ 203ರಲ್ಲಿ 186 ಮತ ಅವರಿಗೆ. 2016ರ ಫೆಬ್ರವರಿಯಲ್ಲಿ ಶುದ್ಧೀಕರಣದ ಅಭ್ಯರ್ಥಿಯಾಗಿ ಬಂದ ಜಾನಿ ಇನ್‌ಫಾಂಟಿನೊ ಕೊಟ್ಟ ಭರವಸೆ ಏನು? ಪ್ರತಿ ಒಕ್ಕೂಟಕ್ಕೆ ನಾಲ್ಕು ವರ್ಷಗಳಲ್ಲಿ 50 ಲಕ್ಷ ಡಾಲರ್, ಮತ್ತು ಇನ್ನಷ್ಟು ತಂಡಗಳಿಗೆ ವಿಶ್ವಕಪ್ಪಿನಲ್ಲಿ ಜಾಗ. ಫಿಫಾದ ಹಣ ನಿಮ್ಮದೇ ಹಣ ಎಂದು ಅವರು ಮತದಾನಕ್ಕೆ ಮುಂಚೆ ವೇದಿಕೆಯ ಮೇಲಿಂದಲೇ ಸಭೆಗೆ ಹೇಳಿದರು. ಎರಡನೆಯ ಸುತ್ತಿನಲ್ಲಿ 115 ಮತ ಪಡೆದು ಗೆದ್ದರು. ಅನುದಾನ ಮುಂದೆ 60 ಲಕ್ಷವಾಯಿತು, 2023ರಿಂದ 2026ರ ಸುತ್ತಿನಲ್ಲಿ 80 ಲಕ್ಷದವರೆಗೆ ಏರಿತು. ಅದರಲ್ಲಿ 50 ಲಕ್ಷ ಒಕ್ಕೂಟದ ದೈನಂದಿನ ಖರ್ಚಿಗೇ ಮೀಸಲು. ಇದರಲ್ಲಿ ಯಾವ ಕಾನೂನೂ ಮುರಿದಿಲ್ಲ, ಯಾವ ಲಕೋಟೆಯೂ ಕೈ ಬದಲಾಯಿಸಿಲ್ಲ. ನಮ್ಮಲ್ಲಿ ಚುನಾವಣೆ ಘೋಷಣೆಯಾದ ಕ್ಷಣದಿಂದ ನೀತಿ ಸಂಹಿತೆ ಜಾರಿಗೆ ಬರುತ್ತದೆ. ಮಂತ್ರಿಯಾದವರು ಹೊಸ ರಸ್ತೆಗೆ ಗುದ್ದಲಿ ಪೂಜೆ ಮಾಡುವಂತಿಲ್ಲ. ರಸ್ತೆ ಕೆಟ್ಟದ್ದೆಂದು ಅದನ್ನು ತಡೆದದ್ದಲ್ಲ, ಕೊಡುವ ಕೈಯೂ ಮತ ಕೇಳುವ ಕೈಯೂ ಒಂದೇ ಆಗಬಾರದೆಂದು ತಡೆದದ್ದು. ಫಿಫಾದಲ್ಲಿ ಆ ಎರಡು ಕೈಗಳನ್ನು ಬೇರೆ ಮಾಡುವ ಪ್ರಯತ್ನವೇ ನಡೆದಿಲ್ಲ.

ಇಲ್ಲಿ ಬಲವಾದ ಒಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದು ದೇಶಕ್ಕೆ ಒಂದು ಮತ ಎಂಬುದನ್ನು ಪ್ರಶ್ನಿಸುವವರು ಹಳೆಯ ಯುರೋಪಿನ ದರ್ಪವನ್ನೇ ಹೊಸ ಮಾತಿನಲ್ಲಿ ಆಡುತ್ತಿದ್ದಾರೆ ಎಂಬುದು ಆ ಆಕ್ಷೇಪ. ಚರಿತ್ರೆ ಅದಕ್ಕೆ ಸಾಕಷ್ಟು ಆಧಾರ ಕೊಡುತ್ತದೆ. 1966ರ ವಿಶ್ವಕಪ್ಪಿನಲ್ಲಿ ಆಫ್ರಿಕ, ಏಷ್ಯ, ಓಷಿಯಾನಿಯ ಮೂರಕ್ಕೂ ಸೇರಿ ಇದ್ದದ್ದು ಒಂದೇ ಸ್ಥಾನ. ಕ್ವಾಮೆ ಎನ್‌ಕ್ರುಮಾ ಅವರ ಘಾನಾದ ಮುಂದಾಳುತನದಲ್ಲಿ ಆಫ್ರಿಕದ ದೇಶಗಳು ಆ ಪಂದ್ಯಾವಳಿಯನ್ನು ಬಹಿಷ್ಕರಿಸಿದವು. ಆಗ ಅಧ್ಯಕ್ಷರಾಗಿದ್ದ ಇಂಗ್ಲೆಂಡಿನ ಸ್ಟಾನ್ಲಿ ರೌಸ್ ಲಂಚಕೋರರಲ್ಲ. ಆದರೆ ವರ್ಣಭೇದದ ದಕ್ಷಿಣ ಆಫ್ರಿಕವನ್ನು ಫಿಫಾದೊಳಗೆ ಉಳಿಸಿಕೊಳ್ಳಲು ಅವರು ಹೆಣಗಿದರು, ಅದು ಕರಿಯ ಆಟಗಾರರಿಗೆ ಮಾಡಿದ ಅನ್ಯಾಯವೆಂದು ಕೊನೆಗೂ ಅವರಿಗೆ ಹೊಳೆದಂತಿಲ್ಲ. 1974ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹವೆಲಾಂಜ್ ರೌಸ್ ಅವರನ್ನು ಸೋಲಿಸಿದಾಗ ಆಫ್ರಿಕ, ಏಷ್ಯಗಳ ಪ್ರತಿನಿಧಿಗಳಿಗೆ ಅದೊಂದು ವಿಮೋಚನೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಹವೆಲಾಂಜ್ ಕೊಟ್ಟ ಮಾತುಗಳನ್ನು ನಡೆಸಿಯೂ ಕೊಟ್ಟರು. ಕಿರಿಯರ ವಿಶ್ವಕಪ್ ಬಂತು, 1982ಕ್ಕೆ ತಂಡಗಳ ಸಂಖ್ಯೆ 16ರಿಂದ 24ಕ್ಕೆ, 1998ಕ್ಕೆ 32ಕ್ಕೆ ಏರಿತು. ಅನ್ಯಾಯಕ್ಕೊಳಗಾದವರ ನ್ಯಾಯವಾದ ಬೇಡಿಕೆಯೊಂದು ಒಬ್ಬ ವ್ಯಕ್ತಿಯ ಕೃಪೆಯಾಗಿ ಈಡೇರಿತು, ದುರಂತ ಅಲ್ಲಿದೆ. ಹಕ್ಕಾಗಿ ನಿಯಮದಲ್ಲಿ ಬರೆಯಬೇಕಾದ್ದು ಅಧ್ಯಕ್ಷನ ಔದಾರ್ಯವಾಗಿ ಬಂತು. ಆದ್ದರಿಂದ ನನ್ನ ತಕರಾರು ಸಮಾನ ಮತದ ಮೇಲಲ್ಲ. ಮತ ಸಮಾನವಾಗಿದ್ದು, ಮತದಾರನ ಜೀವನಾಧಾರ ಅಭ್ಯರ್ಥಿಯ ಕೈಯಲ್ಲಿದ್ದರೆ ಆ ಸಮಾನತೆಗೆ ಬೆನ್ನೆಲುಬಿರುವುದಿಲ್ಲ.

ಕೆರಿಬಿಯನ್ನಿನ ಮಾಂಟ್‌ಸೆರಾಟ್ ದ್ವೀಪದ ಜನಸಂಖ್ಯೆ ಐದು ಸಾವಿರದ ಆಸುಪಾಸು. ಅದಕ್ಕೂ 140 ಕೋಟಿ ಜನರ ಭಾರತಕ್ಕೂ ಒಂದೊಂದೇ ಮತ. 80 ಲಕ್ಷ ಡಾಲರ್ ಆ ದ್ವೀಪದಲ್ಲಿ ತಲೆಗೆ 1,600 ಡಾಲರ್ ಆಗುತ್ತದೆ. ಜರ್ಮನಿಯ ಒಕ್ಕೂಟಕ್ಕೆ ಅದು ನೆನಪಿನಲ್ಲಿ ಉಳಿಯುವ ಮೊತ್ತವೂ ಅಲ್ಲ. ಹಂಗಿನ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ ಎಂದಷ್ಟೇ ಇದರಿಂದ ತಿಳಿಯಬೇಕು. ಸಣ್ಣ ದೇಶಗಳೇ ಭ್ರಷ್ಟ ಎಂದು ತಿಳಿದರೆ ತಪ್ಪು. 2011ರ ಮೇ ತಿಂಗಳಲ್ಲಿ ಪೋರ್ಟ್ ಆಫ್ ಸ್ಪೇನ್‌ನ ಹೋಟೆಲೊಂದರಲ್ಲಿ, ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಕತಾರಿನ ಮೊಹಮ್ಮದ್ ಬಿನ್ ಹಮ್ಮಾಮ್ ಅವರ ಪ್ರಚಾರ ಸಭೆಯ ವೇಳೆ, ಕೆರಿಬಿಯನ್ ಪ್ರತಿನಿಧಿಗಳಿಗೆ ತಲಾ 40 ಸಾವಿರ ಡಾಲರ್ ತುಂಬಿದ ಲಕೋಟೆಗಳನ್ನು ಹಂಚಲಾಯಿತು. ಆ ನೋಟುಗಳ ಫೋಟೊ ತೆಗೆದು, ಹಣವನ್ನು ಹಿಂದಿರುಗಿಸಿ, ವಿಷಯ ಹೊರಗೆ ಬರುವಂತೆ ಮಾಡಿದ್ದು ಬಹಾಮಾಸ್ ಎಂಬ ಪುಟ್ಟ ದೇಶದ ಪ್ರತಿನಿಧಿ. ದೊಡ್ಡ ದೇಶಗಳ ಕಡೆ ನೋಡಿದರೆ, ಬ್ರೆಜಿಲ್ ಒಕ್ಕೂಟದ ಮಾಜಿ ಅಧ್ಯಕ್ಷ ಜೋಸೆ ಮರಿಯಾ ಮರಿನ್ 2017ರಲ್ಲಿ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು. 2006ರ ವಿಶ್ವಕಪ್ಪಿಗೆ ಸಂಬಂಧಿಸಿದ 67 ಲಕ್ಷ ಯೂರೊ ಪಾವತಿಯ ವಿಷಯದಲ್ಲಿ ಜರ್ಮನಿಯ ಒಕ್ಕೂಟದ ಅಧ್ಯಕ್ಷರು 2015ರಲ್ಲಿ ರಾಜೀನಾಮೆ ಕೊಡಬೇಕಾಯಿತು.

2016ರ ಸುಧಾರಣೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾಗದದ ಮೇಲೆ ಅವು ಚೆನ್ನಾಗಿಯೇ ಇವೆ. ಹಳೆಯ ಕಾರ್ಯಕಾರಿ ಸಮಿತಿ ಹೋಗಿ 37 ಜನರ ಮಂಡಳಿ ಬಂತು, ಅಧ್ಯಕ್ಷನಿಗೆ ಮೂರೇ ಅವಧಿ ಎಂಬ ಮಿತಿ ಬಂತು, ವಿಶ್ವಕಪ್ ಆತಿಥ್ಯದ ನಿರ್ಧಾರ ಅದಕ್ಕೂ ಮೊದಲೇ ಮಹಾಸಭೆಯ ಕೈಗೆ ಹೋಗಿತ್ತು. 2010ರ ಡಿಸೆಂಬರ್ 2ರಂದು ಕೇವಲ 22 ಜನ ಮುಚ್ಚಿದ ಕೋಣೆಯಲ್ಲಿ ಕೂತು ರಷ್ಯಕ್ಕೂ ಕತಾರಿಗೂ ವಿಶ್ವಕಪ್ ಹಂಚಿದ್ದನ್ನು ನೆನೆದರೆ ಇದು ದೊಡ್ಡ ಹೆಜ್ಜೆ. 2018ರಲ್ಲಿ ಮಾಸ್ಕೊದಲ್ಲಿ 2026ರ ಆತಿಥ್ಯಕ್ಕೆ ನಿಜವಾದ ಸ್ಪರ್ಧೆಯೇ ನಡೆಯಿತು. ಉತ್ತರ ಅಮೆರಿಕದ ಮೂರು ದೇಶಗಳಿಗೆ 134, ಮೊರಾಕ್ಕೊಗೆ 65 ಮತ. ಯಾವ ದೇಶ ಯಾರಿಗೆ ಹಾಕಿತೆಂಬುದೂ ಪ್ರಕಟವಾಯಿತು. ಆದರೆ ಹಂಗು ಹಾಗೆಯೇ ಉಳಿದ ಮನೆಯಲ್ಲಿ ಹೊಸ ನಿಯಮಗಳು ಎಷ್ಟು ದಿನ ಬಾಳುತ್ತವೆ? 2017ರ ಮೇ ತಿಂಗಳಲ್ಲಿ ಮನಾಮಾ ಮಹಾಸಭೆಯ ಹೊತ್ತಿಗೆ ನೈತಿಕ ಸಮಿತಿಯ ಎರಡೂ ವಿಭಾಗಗಳ ಮುಖ್ಯಸ್ಥರನ್ನು ಮುಂದುವರಿಸದೆ ಕೈಬಿಡಲಾಯಿತು. ಆಡಳಿತ ಸಮಿತಿಯ ಮುಖ್ಯಸ್ಥ, ಪೋರ್ಚುಗಲ್ಲಿನ ನ್ಯಾಯತಜ್ಞ ಮಿಗೆಲ್ ಮಡೂರೊ ಅವರಿಗೂ ಅದೇ ಗತಿಯಾಯಿತು. ರಷ್ಯದ ಉಪಪ್ರಧಾನಿ ವಿತಾಲಿ ಮುಟ್ಕೊ ಮಂಡಳಿಗೆ ಸ್ಪರ್ಧಿಸುವಂತಿಲ್ಲ ಎಂದು ಅವರ ಸಮಿತಿ ಅದಕ್ಕೆ ತುಸು ಮೊದಲು ತೀರ್ಮಾನಿಸಿತ್ತು. 2022ರ ಡಿಸೆಂಬರ್‌ನಲ್ಲಿ ಮಂಡಳಿ ಮತ್ತೊಂದು ವ್ಯಾಖ್ಯಾನ ನೀಡಿತು: ಇನ್‌ಫಾಂಟಿನೊ ಅವರ ಮೊದಲ 39 ತಿಂಗಳು ಅವಧಿಯ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಅವರು 2031ರವರೆಗೆ ಮುಂದುವರಿಯಲು ದಾರಿಯಾಯಿತು. 2019ರಲ್ಲಿ ಅವರು ಚಪ್ಪಾಳೆಯಿಂದ ಆಯ್ಕೆಯಾಗಿದ್ದರು. 2023ರಲ್ಲಿ ಕಿಗಾಲಿಯಲ್ಲೂ ಹಾಗೆಯೇ.

ಚಪ್ಪಾಳೆಯ ವಿಷಯದಲ್ಲಿ ತುಸು ನಿಲ್ಲಬೇಕು. 2023ರ ಅಕ್ಟೋಬರ್ 4ರಂದು ಫಿಫಾ ಮಂಡಳಿ 2030ರ ವಿಶ್ವಕಪ್ಪನ್ನು ಮೊರಾಕ್ಕೊ, ಸ್ಪೇನ್, ಪೋರ್ಚುಗಲ್‌ಗಳಿಗೆ ಕೊಡುವುದೆಂದೂ, ಶತಮಾನದ ನೆನಪಿಗೆ ಉರುಗ್ವೆ, ಅರ್ಜೆಂಟೀನ, ಪರಗ್ವೆಗಳಲ್ಲಿ ಒಂದೊಂದು ಪಂದ್ಯ ಆಡಿಸುವುದೆಂದೂ ನಿರ್ಧರಿಸಿತು. ಒಂದೇ ಏಟಿಗೆ ಮೂರು ಖಂಡಗಳ ಸರದಿ ಮುಗಿಯಿತು. 2034ಕ್ಕೆ ಏಷ್ಯ ಮತ್ತು ಓಷಿಯಾನಿಯ ಮಾತ್ರ ಅರ್ಹ ಎಂದಾಯಿತು. ಆಸಕ್ತಿ ತಿಳಿಸಲು ಅದೇ ತಿಂಗಳ 31 ಕಡೆಯ ದಿನ. ಸೌದಿ ಅರೇಬಿಯ ಮಂಡಳಿ ನಿರ್ಧರಿಸಿದ ದಿನವೇ ಸಿದ್ಧವಾಗಿ ನಿಂತಿತ್ತು. ಆಸ್ಟ್ರೇಲಿಯ ಕಡೆಯ ದಿನ ಹಿಂದೆ ಸರಿಯಿತು. 2024ರ ಏಪ್ರಿಲ್‌ನಲ್ಲಿ ಸೌದಿಯ ಸರ್ಕಾರಿ ತೈಲ ಕಂಪನಿ ಅರಾಮ್ಕೊ ಫಿಫಾದ ಪ್ರಾಯೋಜಕ ಸಂಸ್ಥೆಯಾಯಿತು. ಆ ವರ್ಷದ ಕೊನೆಗೆ ಬಂದ ಮೌಲ್ಯಮಾಪನ ವರದಿ ಸೌದಿಗೆ 500ಕ್ಕೆ 419.8 ಅಂಕ ಕೊಟ್ಟು, ಮಾನವ ಹಕ್ಕುಗಳ ಅಪಾಯ ಮಧ್ಯಮ ಮಟ್ಟದ್ದು ಎಂದಿತು. ಡಿಸೆಂಬರ್ 11ರಂದು ಮಹಾಸಭೆ ವಿಡಿಯೊ ಮೂಲಕ ಸೇರಿತು. 2030 ಮತ್ತು 2034 ಎರಡನ್ನೂ ಒಂದೇ ಗಂಟು ಕಟ್ಟಿ ಮುಂದಿಡಲಾಯಿತು. ಒಂದನ್ನು ವಿರೋಧಿಸಬೇಕಾದರೆ ಎರಡನ್ನೂ ವಿರೋಧಿಸಬೇಕು. ಪ್ರತಿನಿಧಿಗಳು ಕ್ಯಾಮೆರಾದೆದುರು ಕೈಯೆತ್ತಿ ಚಪ್ಪಾಳೆ ತಟ್ಟಿದರು. ಆರು ವರ್ಷಗಳ ಹಿಂದೆ ಎಣಿಸಿ ಪ್ರಕಟಿಸಿದ್ದ ಮತ ಈಗ ಎಣಿಸಲಾಗದ ಸದ್ದಾಯಿತು. ಈ ಪ್ರಕ್ರಿಯೆ ಸರಿಯಲ್ಲವೆಂದು ನಾರ್ವೆಯ ಒಕ್ಕೂಟ ಲಿಖಿತವಾಗಿ ಹೇಳಿ ಹೊರಗುಳಿಯಿತು. ಅಲ್ಲಿ ಯಾರಾದರೂ ಲಂಚ ಪಡೆದರೆಂದು ನಾನು ಹೇಳುತ್ತಿಲ್ಲ, ಹೇಳಲು ನನ್ನಲ್ಲಿ ಆಧಾರವಿಲ್ಲ. ಲಂಚದ ಅಗತ್ಯವೇ ಬೀಳದಂಥ ವ್ಯವಸ್ಥೆ ಅದು ಎಂಬುದೇ ನನ್ನ ಆತಂಕ. ಇದು ದೂರದ ದೇಶದ ವ್ಯವಹಾರವೆಂದು ನಾವು ಸುಮ್ಮನಿರಲೂ ಆಗದು. ದಮ್ಮಾಮ್, ಜುಬೈಲ್, ರಿಯಾದ್‌ಗಳಿಗೆ ದುಡಿಯಲು ಹೋದವರು ನಮ್ಮ ಕರಾವಳಿಯ ಊರೂರಲ್ಲೂ ಇದ್ದಾರೆ. 2034ರ ವಿಶ್ವಕಪ್ಪಿನ ಕ್ರೀಡಾಂಗಣಗಳನ್ನು ಕಟ್ಟುವ ಕೈಗಳು ಭಾರತ, ನೇಪಾಳ, ಬಾಂಗ್ಲಾದೇಶಗಳಿಂದ ಹೋಗಲಿವೆ. ಮಧ್ಯಮ ಎಂಬ ಆ ಒಂದು ಪದದಲ್ಲಿ ಅವರ ಸುರಕ್ಷತೆಯ ಪ್ರಶ್ನೆ ಅಡಗಿದೆ.

ಅನುದಾನದಿಂದ ಒಳ್ಳೆಯದೂ ಆಗಿದೆಯಲ್ಲ ಎಂದು ಕೇಳಬಹುದು. ಆಗಿದೆ. ಮೈದಾನವೇ ಇಲ್ಲದ ದೇಶಗಳಲ್ಲಿ ಮೈದಾನ ಬಂದಿದೆ, ಹೆಣ್ಣುಮಕ್ಕಳ ತಂಡಗಳು ಹುಟ್ಟಿವೆ, ಲೆಕ್ಕ ಪರಿಶೋಧನೆ ಮೊದಲಿಗಿಂತ ಬಿಗಿಯಾಗಿದೆ. ಶ್ರೀಮಂತ ಆಟದ ಹಣ ಬಡ ಮೈದಾನಕ್ಕೆ ಹರಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹಣ ಇನ್ನೂ ಹೆಚ್ಚೇ ಹರಿಯಲಿ. ಆದರೆ ಮೊತ್ತವನ್ನು ಅಭ್ಯರ್ಥಿ ತನ್ನ ಪ್ರಣಾಳಿಕೆಯಲ್ಲಿ ಘೋಷಿಸುವವರೆಗೆ, ಮೈದಾನ ಪಡೆದ ಒಕ್ಕೂಟ ಮೈದಾನದ ಜೊತೆಗೆ ಒಂದು ಋಣವನ್ನೂ ಪಡೆಯುತ್ತದೆ.

ಅಮೆರಿಕದ ತನಿಖೆಯ ಬಗ್ಗೆಯೂ ಆಕ್ಷೇಪವಿದೆ: 2022ರ ಆತಿಥ್ಯವನ್ನು ಕತಾರಿಗೆ 14-8ರಲ್ಲಿ ಸೋತ ದೇಶ ತನ್ನ ಸೇಡನ್ನು ಕಾನೂನಿನ ಹೆಸರಿನಲ್ಲಿ ತೀರಿಸಿಕೊಂಡಿತು ಎಂದು. ಉದ್ದೇಶ ಏನೇ ಇರಲಿ, ತಪ್ಪೊಪ್ಪಿಗೆಗಳು ಸುಳ್ಳಾಗುವುದಿಲ್ಲ. ಆ ತನಿಖೆಯ ನಿಜವಾದ ಕೊರತೆ ಬೇರೆ ಕಡೆ ಇದೆ. ಅಮೆರಿಕದ ಕಾನೂನು ಈ ಪ್ರಕರಣವನ್ನು ನೋಡಿದ್ದು ಪದಾಧಿಕಾರಿಗಳು ತಮ್ಮ ಸಂಸ್ಥೆಗೆ ಬಗೆದ ದ್ರೋಹವಾಗಿ. ಆ ಲೆಕ್ಕದಲ್ಲಿ ಫಿಫಾ ಅಪರಾಧಿಯಲ್ಲ, ಮೋಸಹೋದವರ ಸಾಲಿನಲ್ಲಿ ನಿಲ್ಲುತ್ತದೆ. 2021ರಲ್ಲಿ ಅಮೆರಿಕದ ನ್ಯಾಯ ಇಲಾಖೆ ವಶಪಡಿಸಿಕೊಂಡ ಹಣದಿಂದ 20 ಕೋಟಿ ಡಾಲರಿಗೂ ಹೆಚ್ಚನ್ನು ಫಿಫಾಕ್ಕೂ ಅದರ ಅಂಗಸಂಸ್ಥೆಗಳಿಗೂ ಹಿಂದಿರುಗಿಸಲು ಒಪ್ಪಿತು. ನ್ಯಾಯಾಲಯಕ್ಕೆ ವ್ಯಕ್ತಿಗಳನ್ನು ಶಿಕ್ಷಿಸುವುದು ಸಾಧ್ಯ; ಒಂದು ಸಂಘದ ಕಟ್ಟೋಣವನ್ನು ಅದು ಬದಲಿಸಲಾರದು.

ಹಾಗಾದರೆ ಸರ್ಕಾರಗಳು ಕೈಹಾಕಬೇಕೇ? ಫಿಫಾದ ಉತ್ತರ ಗಟ್ಟಿಯಾಗಿದೆ: ಒಕ್ಕೂಟಗಳ ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪ ಕೂಡದು. ಸರ್ವಾಧಿಕಾರಿಗಳು ಆಟವನ್ನು ನುಂಗದಂತೆ ತಡೆಯಲು ಈ ನಿಯಮ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಯಾರನ್ನು ಹೊರಗಿಡುತ್ತದೆ, ಯಾರನ್ನು ಒಳಗೆ ಬಿಡುತ್ತದೆ ಎಂಬುದಕ್ಕೆ ನಮ್ಮ ದೇಶದ ಅನುಭವವೇ ಇದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಪ್ರಫುಲ್ ಪಟೇಲ್ ಅವರ ಅವಧಿ 2020ರ ಡಿಸೆಂಬರ್‌ನಲ್ಲಿ ಮುಗಿದಿತ್ತು. ಅವರು ಫಿಫಾ ಮಂಡಳಿಯ ಸದಸ್ಯರೂ ಆಗಿದ್ದರು. ಚುನಾವಣೆಯಿಲ್ಲದೆ ಸುಮಾರು 17 ತಿಂಗಳು ಕಳೆದರೂ ಫಿಫಾ ಭಾರತವನ್ನು ನಿಷೇಧಿಸಲಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿಯನ್ನು ನೇಮಿಸಿತು. ಆಗಸ್ಟ್‌ನಲ್ಲಿ ಫಿಫಾ ನಿಷೇಧ ಹೇರಿತು. ಹದಿನೇಳು ವಯಸ್ಸಿನೊಳಗಿನ ಬಾಲಕಿಯರ ವಿಶ್ವಕಪ್ ನಮ್ಮಲ್ಲಿ ನಡೆಯಲು ಎರಡು ತಿಂಗಳೂ ಇರಲಿಲ್ಲ. ಏಷ್ಯನ್ ಕ್ಲಬ್ ಪಂದ್ಯಾವಳಿಗೆಂದು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು ಆಡದೆ ಮರಳಿದರು. ನ್ಯಾಯಾಲಯ ತನ್ನ ಸಮಿತಿಯನ್ನು ಹಿಂತೆಗೆದುಕೊಂಡಿತು, 11 ದಿನಗಳಲ್ಲಿ ನಿಷೇಧ ತೆರವಾಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಬಿಜೆಪಿಯ ಕಲ್ಯಾಣ್ ಚೌಬೆ ಬೈಚುಂಗ್ ಭುಟಿಯಾ ಅವರನ್ನು 33-1ರಿಂದ ಸೋಲಿಸಿದರು. ಕರ್ನಾಟಕದ ಸಂಸ್ಥೆಯ ಅಧ್ಯಕ್ಷ, ಕಾಂಗ್ರೆಸ್ ಶಾಸಕ ಎನ್. ಎ. ಹ್ಯಾರಿಸ್ ಉಪಾಧ್ಯಕ್ಷರಾದರು. ಇವರಲ್ಲಿ ಯಾರ ಮೇಲೂ ನಾನು ಆರೋಪ ಹೊರಿಸುತ್ತಿಲ್ಲ. ಚುನಾವಣೆ ನಿಯಮದಂತೆ ನಡೆಯಿತು. ಆದರೆ ಸ್ವಾಯತ್ತತೆಯ ನಿಯಮ ರಾಜಕಾರಣಿಗಳನ್ನು ತಡೆಯಲಿಲ್ಲ, ನ್ಯಾಯಾಲಯವನ್ನು ತಡೆಯಿತು. ಭಾರತದ ತಂಡದ ನಾಯಕರಾಗಿ ವರ್ಷಗಟ್ಟಲೆ ಆಡಿದ ಭುಟಿಯಾ ಅವರಿಗೆ ಆ ಮನೆಯಲ್ಲಿ ಸಿಕ್ಕಿದ್ದು ಒಂದು ಮತ. ಟ್ರಿನಿಡಾಡ್‌ನಲ್ಲೂ 2020ರಲ್ಲಿ ಹೀಗೆಯೇ ಆಯಿತು. ಚುನಾಯಿತ ಪದಾಧಿಕಾರಿಗಳನ್ನು ತೆಗೆದು ಫಿಫಾ ತನ್ನ ಸಮಿತಿಯನ್ನು ಕೂರಿಸಿತು. ಅವರು ತಮ್ಮ ದೇಶದ ಕೋರ್ಟಿಗೆ ಹೋದದ್ದಕ್ಕೆ ದೇಶವನ್ನೇ ಅಮಾನತಿನಲ್ಲಿಟ್ಟಿತು.

ಪರಿಹಾರ ಅಸಾಧ್ಯವೇನಲ್ಲ. ಅಭಿವೃದ್ಧಿಯ ಹಣವನ್ನು ಅಕ್ಷರಶಃ ದತ್ತಿಯಾಗಿ ಮಾಡಬೇಕು. ಆದಾಯದಲ್ಲಿ ಇಂತಿಷ್ಟು ಪಾಲು ಎಂದು ನಿಯಮಾವಳಿಯಲ್ಲೇ ಬರೆದು, ಹಂಚುವ ಸೂತ್ರವನ್ನೂ ಗೊತ್ತುಮಾಡಿ, ಚುನಾವಣೆಗೆ ನಿಲ್ಲದ ಮತ್ತು ಅಧ್ಯಕ್ಷ ತೆಗೆಯಲಾಗದ ಧರ್ಮದರ್ಶಿಗಳ ಕೈಗೆ ಒಪ್ಪಿಸಬೇಕು. ಆಗ ಮಾಂಟ್‌ಸೆರಾಟ್‌ಗೆ ಹಣವೂ ಬರುತ್ತದೆ, ಅದರ ಮತವೂ ಅದರದ್ದಾಗಿ ಉಳಿಯುತ್ತದೆ. ಅಭ್ಯರ್ಥಿ ಒಬ್ಬನೇ ಇದ್ದರೂ ಗುಪ್ತ ಮತದಾನ ಕಡ್ಡಾಯವಾಗಬೇಕು. ಒಪ್ಪಿಗೆ ಇಲ್ಲ ಎನ್ನಲು ಒಂದು ಚೀಟಿಯಾದರೂ ಇರಬೇಕು. ಇದನ್ನು ಮಾಡಿಸುವ ಬಲ ಇರುವುದು ಸ್ವಿಟ್ಜರ್ಲೆಂಡಿಗೆ. ಖಾಸಗಿ ಲಂಚವನ್ನು 2016ರಲ್ಲಿ ತನ್ನ ದಂಡ ಸಂಹಿತೆಯೊಳಗೆ ತಂದ ಆ ದೇಶ, ನೂರಾರು ಕೋಟಿ ಡಾಲರ್ ವಹಿವಾಟಿನ ಸಂಘವನ್ನು ಯುವಕ ಸಂಘದ ಕಾನೂನಿನಲ್ಲಿ ಇಡುವುದು ಸರಿಯೇ ಎಂದು ಕೇಳಿಕೊಳ್ಳಬೇಕಾಗಿದೆ. ಫಿಫಾ ಒಳಗಿನಿಂದ ತಾನಾಗಿ ಇದನ್ನು ಮಾಡೀತೆಂಬ ನಂಬಿಕೆ ನನಗಿಲ್ಲ; ಹಂಗಿನಿಂದ ಗೆದ್ದವರೂ ಹಂಗಿನಿಂದ ಬದುಕುವವರೂ ಕೂಡಿ ಅದನ್ನು ಬಿಟ್ಟುಕೊಡಬೇಕಾಗುತ್ತದೆ. ಈಗಿನ ಅನುದಾನದ ಸುತ್ತು 2026ಕ್ಕೆ ಮುಗಿಯುತ್ತದೆ. ಅಧ್ಯಕ್ಷರ ಮುಂದಿನ ಚುನಾವಣೆ 2027ರಲ್ಲಿ. ಈ ಎರಡರ ನಡುವೆ ಹೊಸ ಸುತ್ತಿನ ಮೊತ್ತವನ್ನು ಘೋಷಿಸುವವರು ಯಾರು, ಯಾವ ವೇದಿಕೆಯಿಂದ, ಯಾರ ಮುಂದೆ ನಿಂತು ಎಂಬುದನ್ನು ನಾವು ನೋಡುತ್ತಿರಬೇಕು.